ಅಂಗಡಿ ಕಂಪನಿಗೆ ಸಾಲ ಎಷ್ಟಿದೆ? ಮೊದಲು ಬಾಡಿಗೆ ಕೇಳಿ

ಯಾರಾದರೂ ಒಂದು ರೀಟೇಲ್ ಕಂಪನಿಯ ಬ್ಯಾಲೆನ್ಸ್ ಶೀಟ್ (ಆಸ್ತಿ ಎಷ್ಟು, ಸಾಲ ಎಷ್ಟು ಅನ್ನೋ ಪಟ್ಟಿ) ತೋರಿಸಿ "ನೋಡಿ, ಸಾಲ ಎಷ್ಟು ಕಮ್ಮಿ ಇದೆ" ಅಂದರೆ ನಾನು ಕೇಳೋದು ಒಂದೇ ಪ್ರಶ್ನೆ: ಬಾಡಿಗೆ ಎಷ್ಟು ಕಟ್ಟುತ್ತಾರೆ? ಸಾಲದ ಮಾತಿಗೆ ಬಾಡಿಗೆ ಯಾಕೆ ಬಂತು ಅಂತ ಅವರು ನನ್ನ ಮುಖ ನೋಡುತ್ತಾರೆ. ಆದರೆ ಈ ವಿಷಯದ ಗಂಟು ಇರೋದೇ ಅಲ್ಲಿ. ಅದನ್ನು ಬಿಚ್ಚೋ ಮೊದಲು ಸುಲಭದ ಲೆಕ್ಕ ಮುಗಿಸಿಕೊಳ್ಳೋಣ.

ಅಂಗಡಿ ನಡೆಸುವ ಕಂಪನಿಗೆ ಎರಡು ಕಡೆ ದುಡ್ಡು ಹಾಕಬೇಕು. ಮೊದಲನೆಯದು ಕಪಾಟಿಗೆ ತುಂಬುವ ಸರಕು. ಇದು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಮಾರಿಹೋಗಿ ಮತ್ತೆ ನಗದಾಗುತ್ತದೆ. ಈ ದುಡ್ಡಿನ ಬಹುಪಾಲನ್ನು ಸಪ್ಲೈಯರುಗಳೇ ಹಾಕಿರುತ್ತಾರೆ. ಸರಕು ಇವತ್ತು ಬರುತ್ತದೆ, ಹಣ ಕೊಡೋದು ಒಂದೆರಡು ತಿಂಗಳು ಬಿಟ್ಟು. ಅಂದರೆ ಉದ್ರಿ, ಅಷ್ಟೇ. ಎರಡನೆಯದು ಮಳಿಗೆ, ಗೋದಾಮು, ಕಪಾಟು, ಫ್ರಿಜ್ಜು, ಬಿಲ್ಲಿಂಗ್ ವ್ಯವಸ್ಥೆ. ಇವುಗಳಿಗೆ ಹಾಕಿದ ದುಡ್ಡು ವಾಪಸ್ ಬರೋಕೆ ವರ್ಷಗಟ್ಟಲೆ ಬೇಕು. ಹತ್ತು ವರ್ಷ ದುಡಿಯುವ ಮಳಿಗೆಗೆ ಹತ್ತು ವರ್ಷದ ಸಾಲ ತೆಗೆದರೆ ತಪ್ಪೇನಿಲ್ಲ. ಸರಕು ಕೊಳ್ಳೋಕೋ, ಷೇರುದಾರರಿಗೆ ಡಿವಿಡೆಂಡ್ ಹಂಚೋಕೋ ದೀರ್ಘಾವಧಿ ಸಾಲ ಎತ್ತುತ್ತಿದ್ದರೆ ಮಾತ್ರ ನನಗೆ ಅನುಮಾನ ಶುರುವಾಗುತ್ತದೆ.

ಈಗ ಲೆಕ್ಕಕ್ಕೊಂದು ಕಂಪನಿ ಬೇಕು. ಸುಮ್ನೆ 'ಕ' ಅಂತ ಕರೆಯೋಣ. ಅಂಕಿಗಳೆಲ್ಲ ಕೋಟಿಗಳಲ್ಲಿ. ಯಾವ ದೇಶದ ಹಣ ಅಂತ ಅಂದುಕೊಂಡರೂ ಲೆಕ್ಕ ಬದಲಾಗಲ್ಲ. 'ಕ' ಕಂಪನಿಯ ಒಟ್ಟು ಆಸ್ತಿ 1000. ಆ ದುಡ್ಡು ಬಂದದ್ದು ಹೀಗೆ: ಸಪ್ಲೈಯರುಗಳಿಗೆ ಕೊಡಬೇಕಾದ ಬಾಕಿ 300, ಬ್ಯಾಂಕಿನ ಅಲ್ಪಾವಧಿ ಸಾಲ 60, ದೀರ್ಘಾವಧಿ ಸಾಲದಲ್ಲಿ ಈ ವರ್ಷವೇ ತೀರಿಸಬೇಕಾದ ಕಂತು 40, ಮುಂದಿನ ವರ್ಷಗಳಿಗೆ ಉಳಿದ ದೀರ್ಘಾವಧಿ ಸಾಲ 200, ಷೇರುದಾರರ ಸ್ವಂತ ಬಂಡವಾಳ 400.

ಮೊದಲ ಎಡವಟ್ಟು ಆಗೋದು ಆ 40ರಲ್ಲಿ. ಐದು ವರ್ಷದ ಹಿಂದೆ ತೆಗೆದ ಸಾಲವೇ ಆಗಿದ್ದರೂ, ಇನ್ನು 12 ತಿಂಗಳೊಳಗೆ ಕಟ್ಟಬೇಕಾದ ಭಾಗವನ್ನು ಬ್ಯಾಲೆನ್ಸ್ ಶೀಟಿನಲ್ಲಿ ಅಲ್ಪಾವಧಿ ಬಾಧ್ಯತೆಗಳ ಗುಂಪಿಗೆ ಸರಿಸಿ ತೋರಿಸುತ್ತಾರೆ. 'ದೀರ್ಘಾವಧಿ ಸಾಲ' ಅನ್ನೋ ಸಾಲಿನ ಮುಂದೆ ಕಾಣೋದು ಬರೀ 200. ಅಷ್ಟನ್ನೇ ತೆಗೆದುಕೊಂಡರೆ ಸಾಲ ಮತ್ತು ಬಂಡವಾಳದ ಅನುಪಾತ 0.5 ಬರುತ್ತದೆ. ಕಂತನ್ನೂ ಸೇರಿಸಿದರೆ 240ನ್ನು 400ರಿಂದ ಭಾಗಿಸಬೇಕು, 0.6. ಸರಿಯಾದದ್ದು ಎರಡನೆಯದು.

ನಾನು ಶುರುವಿನಲ್ಲಿ ಮಾಡುತ್ತಿದ್ದ ತಪ್ಪು ಇದಕ್ಕೆ ಉಲ್ಟಾ. ಬಂಡವಾಳ ಬಿಟ್ಟು ಉಳಿದದ್ದೆಲ್ಲ ಸಾಲ ಅಂತ 600ನ್ನು 400ರಿಂದ ಭಾಗಿಸಿ, 1.5 ಬಂತು ಅಂತ ಗಾಬರಿ ಬೀಳುತ್ತಿದ್ದೆ. ಅದರಲ್ಲಿ ಅರ್ಧ ಸಪ್ಲೈಯರುಗಳ ಉದ್ರಿ. ರೀಟೇಲ್‌ನಲ್ಲಿ ವ್ಯಾಪಾರ ಚೆನ್ನಾಗಿ ನಡೆದಷ್ಟೂ ಆ ಉದ್ರಿ ಜಾಸ್ತಿಯಾಗುತ್ತದೆ. ಅದನ್ನೂ ಬಡ್ಡಿ ಸಾಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅಳತೆಗೆ ಅರ್ಥ ಇರಲ್ಲ.

ಇದೇ ಸಂಗತಿಯನ್ನು ಇನ್ನೆರಡು ರೀತಿಯಲ್ಲೂ ಹೇಳುತ್ತಾರೆ. ದೀರ್ಘಾವಧಿ ಸಾಲ ಮತ್ತು ಸ್ವಂತ ಬಂಡವಾಳ ಎರಡನ್ನೂ ಕೂಡಿಸಿ, ಅದರಲ್ಲಿ ಸಾಲದ ಪಾಲೆಷ್ಟು ಅಂತ ನೋಡೋದು ಒಂದು. 'ಕ' ಕಂಪನಿಗೆ 640ರಲ್ಲಿ 240, ಅಂದರೆ ಶೇ 37.5. ಒಟ್ಟು ಆಸ್ತಿಯಲ್ಲಿ ದೀರ್ಘಾವಧಿ ಸಾಲದ ಪಾಲು ನೋಡೋದು ಇನ್ನೊಂದು, ಶೇ 24. ಮೊದಲನೆಯದು ನನಗೆ ಇಷ್ಟ. ಕಂಪನಿ ಬಹುಕಾಲ ನೆಚ್ಚಿಕೊಳ್ಳುವ ದುಡ್ಡಿನಲ್ಲಿ ಸ್ವಂತದ್ದೆಷ್ಟು, ಹೊರಗಿನದ್ದೆಷ್ಟು ಅಂತ ಅದು ನೇರವಾಗಿ ಹೇಳುತ್ತದೆ. ಆಸ್ತಿಯ ಲೆಕ್ಕದಲ್ಲಿ ಹಬ್ಬದ ಸೀಸನ್ನಿಗೆ ತಂದು ಒಟ್ಟಿದ ಸರಕೂ ಸೇರಿಬಿಡೋದರಿಂದ ಅದು ತಿಂಗಳಿಂದ ತಿಂಗಳಿಗೆ ಉಬ್ಬಿ ಇಳಿಯುತ್ತದೆ.

ಶೇ 37.5. ಆರಾಮಾಗಿದೆ ಅಂತ ಅನ್ನಿಸುತ್ತದೆ ಅಲ್ವಾ?

ಬಾಡಿಗೆ ಅನ್ನೋ ಹೆಸರಿನ ಸಾಲ

'ಕ' ಕಂಪನಿಗೆ ಸ್ವಂತದ್ದು ಅಂತ ಒಂದೂ ಮಳಿಗೆ ಇಲ್ಲ. ಎಲ್ಲ ಲೀಸ್ ಮೇಲೆ. ವರ್ಷಕ್ಕೆ 90 ಕೋಟಿ ಬಾಡಿಗೆ, ಕರಾರು ಇನ್ನೂ 8 ವರ್ಷ ಇದೆ. ವ್ಯಾಪಾರ ಆಗಲಿ ಬಿಡಲಿ, ಆ 90 ಕೊಡಲೇಬೇಕು. ಬಾಗಿಲು ಮುಚ್ಚಿದರೂ ಕರಾರು ಬಿಡಲ್ಲ. ಬ್ಯಾಂಕಿನ ಕಂತಿಗೂ ಇದಕ್ಕೂ ಏನು ವ್ಯತ್ಯಾಸ? ಕಟ್ಟುವವನ ಕಡೆಯಿಂದ ನೋಡಿದರೆ ಏನೂ ಇಲ್ಲ.

ಹಾಗಿದ್ದೂ ಹಳೆಯ ಲೆಕ್ಕಪದ್ಧತಿಯಲ್ಲಿ ಇಂಥ ಲೀಸ್‌ಗಳು ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತಲೇ ಇರಲಿಲ್ಲ. ವರ್ಷದ ಬಾಡಿಗೆಯನ್ನು ಖರ್ಚಿಗೆ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಉಳಿದ ವರ್ಷಗಳ ಹೊಣೆ ಕೊನೆಯ ಪುಟಗಳ ಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಿತ್ತು. ರೀಟೇಲ್ ಒಂದರ ಕಥೆ ಅಲ್ಲ ಇದು, ವಿಮಾನ ಕಂಪನಿಗಳದ್ದೂ ಇದೇ ಹಾಡು. ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಮಂಡಳಿಯ ಅಧ್ಯಕ್ಷರಾಗಿದ್ದ ಡೇವಿಡ್ ಟ್ವೀಡಿ ಈ ಬಗ್ಗೆ ತಮಾಷೆ ಮಾಡುತ್ತಿದ್ದರು: ವಿಮಾನ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಇರುವ ವಿಮಾನದಲ್ಲಿ ಸಾಯೋದರೊಳಗೆ ಒಮ್ಮೆ ಹಾರಬೇಕು ಅನ್ನೋದು ತಮ್ಮ ದೊಡ್ಡ ಆಸೆ ಅಂತ.

ಅದೇ ಮಂಡಳಿ 2016ರ ಜನವರಿಯಲ್ಲಿ ಐಎಫ್‌ಆರ್‌ಎಸ್ 16 ಎಂಬ ಮಾನದಂಡ ಹೊರಡಿಸಿತು. 2019ರ ಜನವರಿ 1ರಿಂದ ಅದು ಜಾರಿಗೆ ಬಂತು. ಅಮೆರಿಕದ ದೊಡ್ಡ ಕಂಪನಿಗಳಿಗೆ ಎಎಸ್‌ಸಿ 842 ಎಂಬ ಇನ್ನೊಂದು ನಿಯಮ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಬಂತು. ಅಂದಿನಿಂದ ಲೀಸ್‌ನ ಉಳಿದ ಕಂತುಗಳನ್ನು ಇಂದಿನ ಬೆಲೆಗೆ ಇಳಿಸಿ ಬಾಧ್ಯತೆಯಾಗಿ ತೋರಿಸಲೇಬೇಕು.

ಇಂದಿನ ಬೆಲೆಗೆ ಇಳಿಸೋದು ಅಂದರೆ ಇಷ್ಟೇ: ಮುಂದಿನ ವರ್ಷ ಕೊಡಬೇಕಾದ 90ಕ್ಕೆ ಇವತ್ತು 90 ಎತ್ತಿಡಬೇಕಾಗಿಲ್ಲ. ಶೇ 8ರ ಬಡ್ಡಿಗೆ ಸುಮಾರು 83 ಇಟ್ಟರೆ ವರ್ಷದಲ್ಲಿ ಅದೇ 90 ಆಗುತ್ತದೆ. ಎಂಟನೇ ವರ್ಷದ 90ಕ್ಕಾದರೆ ಇವತ್ತು 49 ಸಾಕು. ಎಂಟೂ ವರ್ಷದ್ದನ್ನು ಹೀಗೆ ಕೂಡಿಸಿದರೆ ಸುಮಾರು 517 ಬರುತ್ತದೆ.

ಈಗ 'ಕ' ಕಂಪನಿಯನ್ನು ಮತ್ತೆ ನೋಡಿ. 240ಕ್ಕೆ 517 ಸೇರಿ 757 ಆಯಿತು. ಬಂಡವಾಳದ ಜೊತೆಗಿನ ಅನುಪಾತ 0.6 ಇದ್ದದ್ದು 1.9 ಹತ್ತಿರ ಹೋಯಿತು. ಶೇ 37.5 ಇದ್ದ ಪಾಲು ಶೇ 65 ದಾಟಿತು. ಕಂಪನಿ ಹೊಸದಾಗಿ ಒಂದು ಪೈಸೆ ಸಾಲ ಮಾಡಿಲ್ಲ.

ಪಕ್ಕದಲ್ಲೇ 'ಗ' ಅನ್ನೋ ಕಂಪನಿ ಇದೆ ಅಂದುಕೊಳ್ಳಿ. ಸಾಲ ಮಾಡಿ ಮಳಿಗೆಗಳನ್ನು ಬಹಳ ಹಿಂದೆಯೇ ಕೊಂಡಿದೆ. ದೀರ್ಘಾವಧಿ ಸಾಲ 750, ಸ್ವಂತ ಬಂಡವಾಳ 'ಕ' ಕಂಪನಿಯಷ್ಟೇ, 400. ಬಾಡಿಗೆ ಇಲ್ಲ. ಹಳೆಯ ಲೆಕ್ಕದಲ್ಲಿ 'ಕ' ಸಾಧು, 'ಗ' ಸಾಲಗಾರ. ಬಾಡಿಗೆ ಸೇರಿಸಿದ ಮೇಲೆ ಇಬ್ಬರೂ ಅಲ್ಲಿಂದಲ್ಲಿಗೆ ಸಮ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದರೆ, ಕಷ್ಟ ಬಂದಾಗ ಮಾರೋಕೆ 'ಗ' ಹತ್ತಿರ ಜಾಗ ಇದೆ. ಆ ಜಾಗ ಪುಸ್ತಕದಲ್ಲಿ ಹಳೆಯ ಕೊಂಡ ಬೆಲೆಯಲ್ಲೇ ಇದ್ದರೆ ಅದರ ನಿಜವಾದ ಬಲ ಅನುಪಾತದಲ್ಲಿ ಕಾಣೋದೇ ಇಲ್ಲ. 'ಕ' ಹತ್ತಿರ ಇರೋದು ಬೀಗದ ಕೈ ಮಾತ್ರ.

ಹೊಸ ನಿಯಮ ಬಂದ ಮೇಲೆ ಎಲ್ಲ ಬೆಳಕಿಗೆ ಬಂತು ಅಂತಲೂ ಅಲ್ಲ. ಮಾರಾಟದ ಇಂತಿಷ್ಟು ಶೇಕಡ ಅಂತ ಕೊಡುವ ಬಾಡಿಗೆ ಈ ಬಾಧ್ಯತೆಯ ಲೆಕ್ಕಕ್ಕೆ ಬರಲ್ಲ. 12 ತಿಂಗಳೊಳಗಿನ ಲೀಸ್‌ಗಳನ್ನೂ ಬಿಡಬಹುದು. ಕರಾರು ಚಿಕ್ಕದಿದ್ದಷ್ಟೂ ಬಾಧ್ಯತೆ ಚಿಕ್ಕದಾಗಿ ಕಾಣುತ್ತದೆ. ಮೂರು ವರ್ಷದ ಕರಾರು ಮುಗಿದ ಮೇಲೆ ಅಂಗಡಿ ಬೇಡವಾ? ಬೇಕೇ ಬೇಕು. ಈ ಕಾರಣಕ್ಕೇ ಹಳೆಯ ಕಾಲದ ಒಂದು ಒರಟು ಲೆಕ್ಕವನ್ನು ನಾನಿನ್ನೂ ಬಿಟ್ಟಿಲ್ಲ. ಕ್ರೆಡಿಟ್ ರೇಟಿಂಗ್ ಜನ ವರ್ಷದ ಬಾಡಿಗೆಯನ್ನು ಎಂಟರಿಂದ ಗುಣಿಸಿ ಅದನ್ನೇ ಸಾಲ ಅಂತ ಹಿಡಿಯುತ್ತಿದ್ದರು. 90ಕ್ಕೆ ಎಂಟು ಪಟ್ಟು, 720. ಪುಸ್ತಕದ 517ಕ್ಕೂ ಈ 720ಕ್ಕೂ ನಡುವೆ ಎಲ್ಲೋ ಸತ್ಯ ಇದೆ.

ಸ್ವಂತ ಮಳಿಗೆಗಳನ್ನು ಮಾರಿ, ಅದೇ ಮಳಿಗೆಗಳಲ್ಲಿ ಬಾಡಿಗೆಗೆ ಕೂರುವ ಚಾಳಿಯನ್ನೂ ಇಲ್ಲೇ ಹೇಳಿಬಿಡಬೇಕು. ಬಂದ ದುಡ್ಡಲ್ಲಿ ಸಾಲ ತೀರುತ್ತದೆ, ಆ ವರ್ಷದ ವರದಿ ನೋಡೋಕೆ ಚೆನ್ನಾಗಿರುತ್ತದೆ. ಅಮೆರಿಕದ ಮರ್ವಿನ್ಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ ಸರಪಳಿಯನ್ನು 2004ರಲ್ಲಿ ಟಾರ್ಗೆಟ್ ಕಂಪನಿಯಿಂದ ಹೂಡಿಕೆದಾರರ ಗುಂಪೊಂದು ಕೊಂಡುಕೊಂಡಿತು. ಮಳಿಗೆಗಳ ಕಟ್ಟಡ ಮತ್ತು ಜಾಗವನ್ನು ವ್ಯಾಪಾರದಿಂದ ಬೇರ್ಪಡಿಸಿತು. ತನ್ನದೇ ಆಗಿದ್ದ ಮಳಿಗೆಗಳಿಗೆ ಮರ್ವಿನ್ಸ್ ಏರಿದ ಬಾಡಿಗೆ ಕಟ್ಟಬೇಕಾಯಿತು. 2008ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ಸಾಲದ ಗಾತ್ರ ಬೇರೆ, ಭಾರ ಬೇರೆ

ಇಲ್ಲಿಯವರೆಗೆ ನೋಡಿದ್ದು ಗಾತ್ರ. ಒಂದೇ ಮೂಟೆ ಒಬ್ಬನಿಗೆ ಹಗುರ, ಇನ್ನೊಬ್ಬನಿಗೆ ಬೆನ್ನು ಮುರಿಯುವಂಥದ್ದು. ಬಂಡವಾಳದ ಜೊತೆಗಿನ ಅನುಪಾತ ಇದನ್ನು ಹೇಳಲ್ಲ. ಎಷ್ಟೋ ಸಲ ತಪ್ಪನ್ನೇ ಹೇಳುತ್ತದೆ.

ಹೋಮ್ ಡಿಪೋ ತಗೊಳ್ಳಿ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಅಮೆರಿಕದ ದೈತ್ಯ ಕಂಪನಿ. 2019ರ ಫೆಬ್ರವರಿಗೆ ಮುಗಿದ ವರ್ಷದಲ್ಲಿ ಅದರ ದೀರ್ಘಾವಧಿ ಸಾಲ ಸುಮಾರು 27 ಬಿಲಿಯನ್ ಡಾಲರ್. ಸ್ವಂತ ಬಂಡವಾಳವೋ, ಸೊನ್ನೆಗಿಂತ 1.9 ಬಿಲಿಯನ್ ಡಾಲರ್ ಕೆಳಗೆ! ವರ್ಷಾನುಗಟ್ಟಲೆ ತನ್ನದೇ ಷೇರುಗಳನ್ನು ವಾಪಸ್ ಕೊಂಡದ್ದರ ಫಲ ಅದು; ಹಾಗೆ ಕೊಟ್ಟ ದುಡ್ಡು ಸ್ವಂತ ಬಂಡವಾಳದಿಂದ ಕಳೆಯುತ್ತದೆ. ಈಗ ಅನುಪಾತ ಹಾಕಿ ನೋಡಿ, ಮೈನಸ್ ಬರುತ್ತದೆ. ಆ ಅಂಕಿಗೆ ಅರ್ಥವೇ ಇಲ್ಲ. ಆದರೆ ಅದೇ ವರ್ಷ ವ್ಯಾಪಾರದಿಂದ ಬಂದ ಲಾಭ ಸುಮಾರು 15.5 ಬಿಲಿಯನ್ ಡಾಲರ್, ಕಟ್ಟಿದ ಬಡ್ಡಿ 1 ಬಿಲಿಯನ್‌ಗಿಂತ ಸ್ವಲ್ಪ ಜಾಸ್ತಿ. ಒಂದು ರೂಪಾಯಿ ಬಡ್ಡಿಗೆ ಹದಿನಾಲ್ಕು ಹದಿನೈದು ರೂಪಾಯಿ ಗಳಿಕೆ ಇದ್ದ ಹಾಗೆ. ಇಂಥವರಿಗೆ ಸಾಲ ಕೊಡೋಕೆ ಜನ ಸಾಲುಗಟ್ಟುತ್ತಾರೆ.

ಇನ್ನೊಂದು ತುದಿಯಲ್ಲಿ ಟಾಯ್ಸ್ ಆರ್ ಅಸ್. 2005ರಲ್ಲಿ ಕೆಕೆಆರ್, ಬೈನ್ ಕ್ಯಾಪಿಟಲ್, ವೊರ್ನಾಡೊ ಎಂಬ ಹೂಡಿಕೆ ಕಂಪನಿಗಳು ಸೇರಿ ಈ ಆಟಿಕೆ ಕಂಪನಿಯನ್ನು 6.6 ಬಿಲಿಯನ್ ಡಾಲರಿಗೆ ಕೊಂಡರು. ಅದರಲ್ಲಿ ಬಹುಪಾಲು ಸಾಲದ ದುಡ್ಡು. ಆ ಸಾಲ ಬಂದು ಕೂತದ್ದು ಕೊಂಡವರ ತಲೆ ಮೇಲಲ್ಲ, ಕಂಪನಿಯ ತಲೆ ಮೇಲೆ. ಮುಂದೆ ವರ್ಷಕ್ಕೆ 400 ಮಿಲಿಯನ್ ಡಾಲರಿಗೂ ಮೀರಿದ ಬಡ್ಡಿ. ಅಂಗಡಿಗಳು ದುಡಿಯುತ್ತಲೇ ಇದ್ದವು, ಆದರೆ ದುಡಿದದ್ದರ ಹೆಚ್ಚುಪಾಲು ಬಡ್ಡಿಗೇ ಹೋಗುತ್ತಿತ್ತು. ಮಳಿಗೆ ಹೊಸದು ಮಾಡೋಕೆ, ಆನ್‌ಲೈನ್ ಮಾರಾಟ ಗಟ್ಟಿ ಮಾಡೋಕೆ ಕೈಯಲ್ಲಿ ಏನು ಉಳಿಯುತ್ತದೆ?

ಹಾಗಾಗಿ ಗಳಿಕೆಯ ಜೊತೆ ಹೋಲಿಸುವ ಅಳತೆ ಬೇಕು. ಅದರಲ್ಲೂ ಬಾಡಿಗೆ ಮರೆತರೆ ಮೋಸ ಹೋಗುತ್ತೀರಿ. 'ಕ' ಕಂಪನಿಗೇ ವಾಪಸ್ ಬರೋಣ. ವರ್ಷದ ಮಾರಾಟ 2000. ಮಾರಿದ ಸರಕಿನ ಅಸಲು 1400, ಉಳಿಯುವ ಮಾರ್ಜಿನ್ 600. ಸಂಬಳ, ಕರೆಂಟು, ಸಾಗಾಟ, ಜಾಹೀರಾತು ಸೇರಿ 400. ಬಾಡಿಗೆ 90. ಸವಕಳಿ, ಅಂದರೆ ಕಪಾಟು, ಫ್ರಿಜ್ಜು ಸವೆದು ಹಳೆಯದಾಗೋದಕ್ಕೆ ವರ್ಷಕ್ಕಿಷ್ಟು ಅಂತ ಹಿಡಿಯುವ ಖರ್ಚು, 40. ಕೊನೆಗೆ ಉಳಿಯುವ ವ್ಯಾಪಾರದ ಲಾಭ 70. ಬಡ್ಡಿ ಇರುವ ಸಾಲ 240 ಮತ್ತು 60, ಒಟ್ಟು 300. ಶೇ 8ರಂತೆ ಬಡ್ಡಿ 24.

70ನ್ನು 24ರಿಂದ ಭಾಗಿಸಿ. 2.9 ಪಟ್ಟು. ತೊಂದರೆ ಇಲ್ಲ ಅನ್ನಿಸುವ ಅಂಕಿ. ಈಗ ಬಾಡಿಗೆಯನ್ನೂ ಬಡ್ಡಿಯ ಹಾಗೇ ತಪ್ಪಿಸಲಾಗದ ಹೊರೆ ಅಂತ ಹಿಡಿಯೋಣ. ಬಾಡಿಗೆ ಕಳೆಯುವ ಮೊದಲಿನ ಗಳಿಕೆ 160. ಬಾಡಿಗೆ ಮತ್ತು ಬಡ್ಡಿ ಸೇರಿ 114. ಅನುಪಾತ 1.4.

ವ್ಯಾಪಾರ ಬಿದ್ದಾಗ ಏನಾಗುತ್ತದೆ ಅಂತ ನೋಡಿದರೆ ಈ ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮಾರಾಟ ಶೇ 5 ಇಳಿಯಿತು ಅಂದುಕೊಳ್ಳಿ. 100 ಕೋಟಿ ಮಾರಾಟ ಹೋದರೆ ಅದರ ಜೊತೆ 30 ಕೋಟಿ ಮಾರ್ಜಿನ್ ಹೋಯಿತು. ಸಂಬಳ, ಬಾಡಿಗೆ ತಕ್ಷಣ ಇಳಿಯಲ್ಲ. ಲಾಭ 70ರಿಂದ 40ಕ್ಕೆ ಬಂತು. ಬಾಡಿಗೆ ಸೇರಿದ ಅನುಪಾತ 130ಕ್ಕೆ 114, ಅಂದರೆ 1.14. ಶೇ 10 ಇಳಿದರೆ ಲಾಭ ಉಳಿಯೋದು 10. ಅನುಪಾತ 0.88. ಗಳಿಕೆಯಿಂದ ಬಾಡಿಗೆ ಮತ್ತು ಬಡ್ಡಿ ಕಟ್ಟೋಕೇ ಆಗದ ಸ್ಥಿತಿ, ಅಸಲಿನ ಕಂತು 40ರ ಮಾತು ಬಿಡಿ. 2.9 ಪಟ್ಟು ಅಂತ ನೆಮ್ಮದಿಯಾಗಿದ್ದವನನ್ನು ನೆಲ ಕಾಣಿಸೋಕೆ ಹತ್ತರಲ್ಲಿ ಒಂದು ಭಾಗ ವ್ಯಾಪಾರ ತಪ್ಪಿದರೆ ಸಾಕು. 2.9 ನೋಡಿದವನಿಗೆ ಇದರ ಸುಳಿವಿಲ್ಲ. 1.4 ನೋಡಿದವನಿಗೆ ಗೊತ್ತಿತ್ತು.

ಇನ್ನೊಂದು ಅಳತೆ ಎಲ್ಲರ ಬಾಯಲ್ಲೂ ಇದೆ: ಸಾಲ ಎಬಿಟ್ಡಾದ ಎಷ್ಟು ಪಟ್ಟು ಅನ್ನೋದು. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಗಳಿಕೆ. ಹಳೆಯ ಪದ್ಧತಿಯಲ್ಲಿ 'ಕ' ಕಂಪನಿಗೆ ಅದು 70 ಮತ್ತು 40 ಸೇರಿ 110. ಸಾಲ 300. ಅಂದರೆ 2.7 ಪಟ್ಟು. ಐಎಫ್‌ಆರ್‌ಎಸ್ 16 ಬಂದ ದಿನ ಏನಾಯಿತು ಗೊತ್ತಾ? ಬಾಡಿಗೆ ಅನ್ನೋ ಖರ್ಚೇ ಲಾಭ ನಷ್ಟದ ಪಟ್ಟಿಯಿಂದ ಮಾಯವಾಯಿತು. ಅದರ ಬದಲು ಸವಕಳಿ ಮತ್ತು ಬಡ್ಡಿ ಬಂದು ಕೂತವು. ಇವೆರಡೂ ಎಬಿಟ್ಡಾದ ಕೆಳಗೆ ಕಳೆಯುವಂಥವು. ಹಾಗಾಗಿ 110 ಇದ್ದ ಎಬಿಟ್ಡಾ ರಾತ್ರೋರಾತ್ರಿ 200 ಆಯಿತು. ಗಲ್ಲಾಪೆಟ್ಟಿಗೆಗೆ ಒಂದು ಪೈಸೆ ಜಾಸ್ತಿ ಬಂದಿಲ್ಲ.

ಇಲ್ಲಿ ಕೈಚಳಕಕ್ಕೆ ಜಾಗ ಸಿಗುತ್ತದೆ. ಸಾಲ ಅಂತ ಹಳೆಯ 300ನ್ನೇ ಇಟ್ಟುಕೊಂಡು ಹೊಸ 200ರಿಂದ ಭಾಗಿಸಿದರೆ 1.5 ಪಟ್ಟು! ಎಷ್ಟು ಚೆಂದ. ಹೊಸ ಎಬಿಟ್ಡಾ ಬೇಕಾದರೆ ಹೊಸ ಸಾಲವೂ ಬೇಕು. 300 ಮತ್ತು 517 ಸೇರಿ 817, ಅದನ್ನು 200ರಿಂದ ಭಾಗಿಸಿದರೆ 4.1. ಎರಡನ್ನೂ ಹಳೆಯದಾಗಿ ಇಡಿ, ಇಲ್ಲಾ ಎರಡನ್ನೂ ಹೊಸದಾಗಿ ಇಡಿ. ಹೂಡಿಕೆದಾರರಿಗೆ ತೋರಿಸುವ ಸ್ಲೈಡಿನಲ್ಲಿ ಅನುಪಾತದ ಪಕ್ಕ ಚಿಕ್ಕದೊಂದು ನಕ್ಷತ್ರ ಕಂಡರೆ ಅದರ ಅಡಿಟಿಪ್ಪಣಿ ಓದದೆ ಮುಂದೆ ಹೋಗಬೇಡಿ.

ಅಮೆರಿಕದ ನಿಯಮ ಇಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಮಾಮೂಲಿ ಮಳಿಗೆ ಲೀಸ್‌ನ ಬಾಧ್ಯತೆ ಬ್ಯಾಲೆನ್ಸ್ ಶೀಟಿಗೆ ಬಂದರೂ, ಬಾಡಿಗೆ ಖರ್ಚು ಖರ್ಚಾಗಿಯೇ ಉಳಿದಿದೆ. ಹಾಗಾಗಿ ಅಮೆರಿಕದ ಕಂಪನಿಯ ಎಬಿಟ್ಡಾ ಬಾಡಿಗೆ ಕಳೆದದ್ದು, ಯುರೋಪಿನ ಕಂಪನಿಯದ್ದು ಬಾಡಿಗೆ ಕಳೆಯದ್ದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಹೋಲಿಸುವ ವೆಬ್‌ಸೈಟುಗಳು ಬೇಕಾದಷ್ಟಿವೆ. ನಾನಂತೂ ಆ ಅಂಕಿಗಳನ್ನು ನಂಬಲ್ಲ.

ದಿನಾಂಕದ ವಿಷಯವೂ ಒಂದಿದೆ. ಬ್ಯಾಲೆನ್ಸ್ ಶೀಟ್ ಒಂದು ದಿನದ ಫೋಟೋ. ಅಮೆರಿಕದ ಎಷ್ಟೋ ರೀಟೇಲ್ ಕಂಪನಿಗಳ ವರ್ಷ ಮುಗಿಯೋದು ಜನವರಿ ಕೊನೆಗೆ. ಕ್ರಿಸ್‌ಮಸ್ ವ್ಯಾಪಾರ ಮುಗಿದು, ಗೋದಾಮು ಖಾಲಿಯಾಗಿ, ಕೈ ತುಂಬ ನಗದು ಇರುವ ಹೊತ್ತು. ಸಾಲದಿಂದ ನಗದು ಕಳೆದು 'ನಿವ್ವಳ ಸಾಲ' ಇಷ್ಟೇ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆಯ ದಿನ ಸಿಗಲ್ಲ. ಅದೇ ಕಂಪನಿಯನ್ನು ಅಕ್ಟೋಬರ್ ಕೊನೆಯಲ್ಲಿ, ಸೀಸನ್ನಿಗೆ ಸರಕು ತುಂಬಿಸಿದ ಹೊತ್ತಿನಲ್ಲಿ ನೋಡಿ. ಗುರುತೇ ಸಿಗಲ್ಲ. ನಾಲ್ಕು ತ್ರೈಮಾಸಿಕಗಳ ಸರಾಸರಿ ತೆಗೆದರೆ ಈ ಮೋಸ ತಪ್ಪುತ್ತದೆ.

ಸಾಲ ಯಾವ ವರ್ಷ ಎಷ್ಟು ತೀರಿಸಬೇಕು ಅನ್ನೋ ಪಟ್ಟಿ ಟಿಪ್ಪಣಿಗಳಲ್ಲಿ ಇರುತ್ತದೆ. 240 ಕೋಟಿ ಆರು ವರ್ಷಕ್ಕೆ ಸಮನಾಗಿ ಹರಡಿದ್ದರೆ ಒಂದು ಕಥೆ. 200 ಕೋಟಿ ಒಂದೇ ವರ್ಷಕ್ಕೆ ಬಂದು ನಿಂತಿದ್ದರೆ ಬೇರೆ ಕಥೆ, ಆ ವರ್ಷ ಹೊಸ ಸಾಲ ಹುಟ್ಟಲೇಬೇಕು. ಬಡ್ಡಿ ದರ ಏರಿಳಿಯುವಂಥದ್ದಾ, ಕಟ್ಟಿಹಾಕಿದ್ದಾ ಅಂತಲೂ ಅಲ್ಲೇ ಗೊತ್ತಾಗುತ್ತದೆ.

ಆದರೆ ದೀರ್ಘಾವಧಿ ಸಾಲ ಕಂಪನಿಯನ್ನು ಬೀಳಿಸುವುದು ಬಹಳ ಸಲ ಆ ಕಂತಿನ ಬಾಗಿಲಿಂದ ಅಲ್ಲ. ಟಾಯ್ಸ್ ಆರ್ ಅಸ್ 2017ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಆಗ ಅದರ ದೀರ್ಘಾವಧಿ ಸಾಲ ಸುಮಾರು 5 ಬಿಲಿಯನ್ ಡಾಲರ್. ಅರ್ಜಿಗೆ ಕೆಲವೇ ದಿನ ಮುಂಚೆ, ಕಂಪನಿ ದಿವಾಳಿ ಆಗಬಹುದು ಅನ್ನೋ ಸುದ್ದಿ ಹೊರಬಿದ್ದಿತ್ತು. ಕಂಪನಿಯೇ ನ್ಯಾಯಾಲಯಕ್ಕೆ ಹೇಳಿದ ಪ್ರಕಾರ, ಒಂದು ವಾರದೊಳಗೆ ಶೇ 40ರ ಹತ್ತಿರ ಸಪ್ಲೈಯರುಗಳು ನಗದು ಕೊಡದೆ ಸರಕು ಕಳಿಸಲ್ಲ ಅಂದುಬಿಟ್ಟರು. ಕ್ರಿಸ್‌ಮಸ್‌ಗೆ ಆಟಿಕೆ ತುಂಬಿಸಬೇಕಾದ ಹೊತ್ತು ಅದು. ಸಾಲದ ಭಾರ ನೋಡಿ ಮೊದಲು ಹೆದರಿದ್ದು ಉದ್ರಿ ಕೊಡುವವರು.

'ಕ' ಕಂಪನಿಗೆ ಇದೇ ಆದರೆ? ವರ್ಷಕ್ಕೆ 1400 ಕೋಟಿಯ ಸರಕು, ಸಪ್ಲೈಯರ್ ಬಾಕಿ 300. ಅಂದರೆ ಸರಾಸರಿ 78 ದಿನದ ಉದ್ರಿ. ಅವರು ಹೆದರಿ ಅದನ್ನು 48 ದಿನಕ್ಕೆ ಇಳಿಸಿದರೆ 30 ದಿನದ ಸರಕಿನ ದುಡ್ಡು, ಸುಮಾರು 115 ಕೋಟಿ, ಕೆಲವೇ ವಾರಗಳಲ್ಲಿ ಹೊಂದಿಸಬೇಕು. ಕಂಪನಿಯ ಇಡೀ ವರ್ಷದ ಲಾಭ 70. ದೀರ್ಘಾವಧಿ ಸಾಲದ ಈ ವರ್ಷದ ಕಂತು 40. ಹಾಗಾಗಿ ನಾನು ಯಾವ ರೀಟೇಲ್ ಕಂಪನಿಯ ವರದಿ ತೆರೆದರೂ ಬಾಡಿಗೆ ನೋಡಿದ ಮೇಲೆ ಎರಡನೆಯದಾಗಿ ನೋಡೋದು ಈ ಉದ್ರಿಯ ದಿನಗಳನ್ನು. ಕಳೆದ ವರ್ಷ 78 ಇದ್ದದ್ದು ಈ ವರ್ಷ 70, ಮೊನ್ನೆಯ ತ್ರೈಮಾಸಿಕದಲ್ಲಿ 64 ಅಂತ ಇಳಿಯುತ್ತಾ ಬಂದಿದ್ದರೆ, ಆ ಕಂಪನಿಯ ಸಾಲದ ಬಗ್ಗೆ ಅದರ ಸಪ್ಲೈಯರುಗಳು ಆಗಲೇ ಲೆಕ್ಕ ಹಾಕಿ ಮುಗಿಸಿದ್ದಾರೆ.